ವಾರ ತಳ್ಳುವ ಸೊಪ್ಪು: ನೈರೋಬಿಯ ಮಥಾರೆಯಲ್ಲಿ ಒಬ್ಬ ತಾಯಿಯ ಸಂಸಾರ

ಕೀನ್ಯಾದ ರಾಜಧಾನಿ ನೈರೋಬಿಯ ಬಡವರ ಮನೆಗಳಲ್ಲಿ ದಿನಾ ಬೇಯುವ ಸೊಪ್ಪಿನ ಹೆಸರು ಸುಕುಮಾ ವಿಕಿ. ಕೋಸಿನ ಜಾತಿಗೆ ಸೇರಿದ ಅಗಲ ಎಲೆ. ದಾರದ ಹಾಗೆ ಸಣ್ಣಗೆ ಹೆಚ್ಚಿ, ಈರುಳ್ಳಿ ಟೊಮೆಟೊ ಹಾಕಿ ಬಾಡಿಸುತ್ತಾರೆ. ಜೊತೆಗೆ ಉಗಾಲಿ, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ರಾಗಿ ಮುದ್ದೆ ತಿರುವಿದ ಕೈಗೆ ಇದು ಹೊಸದಲ್ಲ, ಬಣ್ಣ ಮಾತ್ರ ಬೇರೆ. ಸ್ವಾಹಿಲಿಯಲ್ಲಿ ಸುಕುಮಾ ಅಂದರೆ ತಳ್ಳು, ವಿಕಿ ಅಂದರೆ ವಾರ. ಕೈಗೆ ಕಾಸು ಬರುವ ತನಕ ವಾರವನ್ನು ಮುಂದಕ್ಕೆ ತಳ್ಳುವ ಸೊಪ್ಪು ಅಂತ.

ಈ ಅಧ್ಯಯನದ ಮನೆಯಲ್ಲಿ ವಾರ ತಳ್ಳುವವಳು ಒಬ್ಬಳೇ. ಮಕ್ಕಳು ಮೂವರು. 14ರ ಮಗಳು, 9ರ ಮಗ, 2 ವರ್ಷದ ಕೂಸು. 2024ರ ಏಪ್ರಿಲ್‌ನಲ್ಲಿ ನೈರೋಬಿಗೆ ನೆರೆ ಬಂದಾಗ ಇದ್ದ ಸ್ಥಿತಿ ಇದು.

ಮೊದಲೇ ಹೇಳಿಬಿಡುತ್ತೇನೆ. ಈ ತಾಯಿ ಒಬ್ಬ ನಿರ್ದಿಷ್ಟ ಹೆಂಗಸಲ್ಲ. ಮಥಾರೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅವುಗಳ ಬದುಕನ್ನು ಒಂದೇ ಮನೆಗೆ ಇಳಿಸಿ ಹೊಲಿದಿದ್ದೇನೆ. ಮನೆಯ ಜಮಾಖರ್ಚು ನನ್ನ ಅಂದಾಜು. ಊರು, ಕಾನೂನು, ಸರ್ಕಾರದ ಯೋಜನೆ, ನೆರೆ, ತಾರೀಕು ಎಲ್ಲ ನಿಜ. ಇಡೀ ಕೀನ್ಯಾದಲ್ಲಿ ಹೆಚ್ಚುಕಮ್ಮಿ ಮೂರು ಮನೆಗೆ ಒಂದು ಮನೆಯ ಯಜಮಾನಿಕೆ ಹೆಂಗಸಿನದು ಅನ್ನುವುದೂ ನಿಜ.

ಹೆಸರಿನ ವಿಷಯ ಒಂದು ಇದೆ. ನೈರೋಬಿಯಲ್ಲಿ ತಾಯಿಯಾದವಳನ್ನು ಅವಳ ಹೆಸರು ಹಿಡಿದು ಕರೆಯುವುದು ಕಡಿಮೆ. ಮಾಮಾ ಅಂತ ಹೇಳಿ ಮೊದಲ ಮಗುವಿನ ಹೆಸರು ಸೇರಿಸುತ್ತಾರೆ. ನಮ್ಮ ಕಿವಿಗೆ ಮಾಮಾ ಅಂದರೆ ಸೋದರಮಾವ, ಅಲ್ಲಿ ಅಮ್ಮ. ತರಕಾರಿ ಮಾರುವವಳು ಮಾಮಾ ಬೋಗಾ. ಬಟ್ಟೆ ಒಗೆಯುವವಳು ಮಾಮಾ ಫುವಾ. ನಮ್ಮ ಈ ತಾಯಿ ಮಾಮಾ ಫುವಾ.

ಕ್ವಾರಿಯ ಊರು

ಮಥಾರೆ ಒಂದು ಕಾಲದಲ್ಲಿ ಕಲ್ಲುಕ್ವಾರಿ. ನೈರೋಬಿ ಕಟ್ಟಲು ಕಲ್ಲು ತೆಗೆದ ಹಳ್ಳದಲ್ಲೇ ಜನ ತಗಡಿನ ಮನೆ ಕಟ್ಟಿಕೊಂಡರು. ನಡುವೆ ಮಥಾರೆ ನದಿ. ನದಿ ಅಂತ ಹೆಸರು, ಊರಿನ ಕೊಚ್ಚೆಯೆಲ್ಲ ಅದಕ್ಕೇ ಹರಿಯುತ್ತದೆ. 2019ರ ಜನಗಣತಿಯಲ್ಲಿ ಮಥಾರೆ ಉಪಜಿಲ್ಲೆಯಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ ಸಿಕ್ಕರು. ಜಾಗ ಮೂರೇ ಚದರ ಕಿಲೋಮೀಟರ್. ಅಂದರೆ ಒಂದು ಚದರ ಕಿಲೋಮೀಟರಿಗೆ 69 ಸಾವಿರದ ಹತ್ತಿರ. ಮನೆ ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಕೋಣೆ. ಗೋಡೆಯೂ ತಗಡು, ಸೂರೂ ತಗಡು. ನಡುವೆ ಒಂದು ಪರದೆ. ಪರದೆಯ ಈಚೆ ಸೋಫಾ, ಆಚೆ ಮಂಚ. ಇರುವವರಲ್ಲಿ ಬಹುಪಾಲು ಬಾಡಿಗೆದಾರರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂಟಿ ಹೆಂಗಸು ಸಂಸಾರ ನಡೆಸುವುದು ಇಲ್ಲಿ ಇತ್ತೀಚಿನ ಸಂಗತಿ ಅಲ್ಲ. ಬ್ರಿಟಿಷರು ನೈರೋಬಿಯನ್ನು ಕಟ್ಟಿದ್ದೇ ಗಂಡಾಳುಗಳ ಊರಾಗಿ. ಕರಿಯ ಕೂಲಿಯವನು ಒಬ್ಬನೇ ಬರಬೇಕು, ಒಂದು ಮಂಚದ ಜಾಗದಲ್ಲಿ ಮಲಗಬೇಕು, ದುಡಿದು ಹಳ್ಳಿಗೆ ವಾಪಸ್ ಹೋಗಬೇಕು. ಹೆಂಡತಿ ಮಕ್ಕಳಿಗೆ ಅಲ್ಲಿ ಲೆಕ್ಕವೇ ಇರಲಿಲ್ಲ. ಆದರೂ ಹೆಂಗಸರು ಬಂದರು. ಗಂಡ ಸತ್ತವರು, ಬಿಟ್ಟವರು, ಹಳ್ಳಿಯಲ್ಲಿ ಜಮೀನಿನ ಪಾಲು ಸಿಗದವರು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಇನ್ನೂ ಬಂದರು. 1970ರ ದಶಕದಲ್ಲಿ ಮಥಾರೆಯ ಎಷ್ಟೋ ಹೆಂಗಸರು ಬುಸಾ ಅನ್ನುವ ಜೋಳದ ಹೆಂಡ ಕಾಯಿಸಿ ಮಾರಿ ಮಕ್ಕಳನ್ನು ಸಾಕಿದರು. ಪೊಲೀಸರು ಬರುತ್ತಿದ್ದಾರೆ ಅಂದರೆ ಸುದ್ದಿ ಓಣಿಯಿಂದ ಓಣಿಗೆ ಓಡುತ್ತಿತ್ತು. ಒಬ್ಬಳು ಜೈಲಿಗೆ ಹೋದರೆ ಪಕ್ಕದವಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅಂದಿನಿಂದ ಇಂದಿಗೆ ಕಸುಬು ಬದಲಾಗಿದೆ. ಪಕ್ಕದವಳ ಕೆಲಸ ಹಾಗೇ ಇದೆ.

ಅಪ್ಪನ ಜಾಗದಲ್ಲಿ ಮೂರು ಗೀಟು

ನಮ್ಮ ತಾಯಿ ಪಶ್ಚಿಮ ಕೀನ್ಯಾದ ಹಳ್ಳಿಯಿಂದ ಮನೆಗೆಲಸಕ್ಕೆ ಅಂತ ಬಂದವಳು. ಹೊಟ್ಟೆ ಮುಂದೆ ಬಂದಾಗ ಕೆಲಸ ಹೋಯಿತು, ಹುಡುಗ ಫೋನ್ ಎತ್ತಲಿಲ್ಲ. 2010ರಲ್ಲಿ ಮಗಳು ಹುಟ್ಟಿದಳು. ಆಗಿನ ಜನನ ನೋಂದಣಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಮದುವೆಯಾಗದ ತಾಯಿ ಒಬ್ಬಳೇ ಹೋಗಿ ತಂದೆಯ ಹೆಸರು ಬರೆಸುವ ಹಾಗಿರಲಿಲ್ಲ. ಅವನೂ ಒಪ್ಪಿ ಬರಬೇಕು. ಬರದಿದ್ದರೆ ತಂದೆಯ ಹೆಸರಿನ ಜಾಗದಲ್ಲಿ ಎಕ್ಸ್ ಎಕ್ಸ್ ಎಕ್ಸ್ ಅಂತ ಗೀಟು ಹಾಕಿ ಕೊಡುತ್ತಿದ್ದರು. ಶಾಲೆಗೆ ಸೇರಿಸುವಾಗ ಆ ಕಾಗದವನ್ನೇ ಮೇಜಿನ ಮೇಲೆ ಇಡಬೇಕು. ಗುಮಾಸ್ತ ಓದುತ್ತಾನೆ, ಸಾಲಿನಲ್ಲಿ ಹಿಂದೆ ನಿಂತವರೂ ಓದುತ್ತಾರೆ.

2016ರ ಮೇ ತಿಂಗಳಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಮುಂಬಿ ನ್ಗೂಗಿ ಆ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. 2010ರ ಸಂವಿಧಾನದ 53ನೇ ವಿಧಿ ಸ್ಪಷ್ಟವಾಗಿದೆ. ಮದುವೆ ಆಗಿರಲಿ, ಬಿಡಲಿ, ಮಗುವನ್ನು ಸಾಕುವ ಹೊಣೆ ತಾಯಿ ತಂದೆ ಇಬ್ಬರಿಗೂ ಸಮ. 2022ರ ಮಕ್ಕಳ ಕಾಯ್ದೆಯೂ ಅದನ್ನೇ ಹೇಳುತ್ತದೆ.

ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕಾಯಿತು ನೋಡಿ. ಮದುವೆಯಾಗದ ತಾಯಿಗೆ ಮಗುವಿನ ಖರ್ಚು ಕೇಳುವ ಹಕ್ಕು ಕೊಟ್ಟಿದ್ದ ಅಫಿಲಿಯೇಷನ್ ಕಾಯ್ದೆ 1959ರಲ್ಲೇ ಬಂದಿತ್ತು. 1969ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಗಂಡಸರಿಗೆ ಕಿರುಕುಳ ಆಗುತ್ತಿದೆಯಂತೆ! ಆಗ ಸಂಸತ್ತಿನಲ್ಲಿ ಒಬ್ಬಳೂ ಹೆಂಗಸು ಇರಲಿಲ್ಲ. ಮೊದಲ ಮಹಿಳಾ ಸಂಸದೆ ಗ್ರೇಸ್ ಒನ್ಯಾಂಗೊ ಗೆದ್ದು ಬಂದದ್ದು ಅದೇ ವರ್ಷದ ಕೊನೆಗೆ ನಡೆದ ಚುನಾವಣೆಯಲ್ಲಿ. ಕೆಲವೇ ತಿಂಗಳು ತಡ.

ಇನ್ನಿಬ್ಬರು ಮಕ್ಕಳ ತಂದೆ ಬೇರೆ. ಅವನ ಜೊತೆ ಆಕೆ ಏಳೆಂಟು ವರ್ಷ ಇದ್ದಳು. ತಾಳಿ ಇಲ್ಲ, ಚರ್ಚ್ ಇಲ್ಲ, ವಧುದಕ್ಷಿಣೆ ಇಲ್ಲ. ಬಾ, ಒಟ್ಟಿಗಿರೋಣ ಅಂದ, ಇದ್ದಳು. ಕೀನ್ಯಾದ ಇಂಗ್ಲಿಷಿನಲ್ಲಿ ಇದಕ್ಕೆ 'ಕಮ್ ವಿ ಸ್ಟೇ' ಅಂತಲೇ ಹೆಸರು, ಪೇಪರಿನವರೂ ಹಾಗೇ ಬರೆಯುತ್ತಾರೆ. ಕಿರಿಯವನು ಹುಟ್ಟಿದ ವರ್ಷವೇ ಅವನು ಹೊರಟುಹೋದ.

ಕಾನೂನು ಆಕೆಯ ಪರ ಇದೆ, ಸರಿ. ಆದರೆ ಕೋರ್ಟಿಗೆ ಹೋಗಬೇಕಾದರೆ ಅವನು ಎಲ್ಲಿದ್ದಾನೆ ಅಂತ ಗೊತ್ತಿರಬೇಕು. ಪ್ರತಿ ತಾರೀಕಿಗೂ ಒಂದು ದಿನದ ಕೂಲಿ ಬಿಡಬೇಕು. ಅವನೋ ಕಟ್ಟಡದ ಕೂಲಿಯವನು, ಸಂಬಳದ ಚೀಟಿ ಇಲ್ಲ. ಯಾವುದರಿಂದ ಹಿಡಿದುಕೊಡುತ್ತಾರೆ? ಅದಕ್ಕೇ ಬಹಳ ಜನ ಕೋರ್ಟಿನ ಬದಲು ಏರಿಯಾದ ಚೀಫ್ ಕಚೇರಿಗೆ ಹೋಗುತ್ತಾರೆ. ಚೀಫ್ ಅಂದರೆ ಸರ್ಕಾರದ ಕೆಳಹಂತದ ಅಧಿಕಾರಿ. ಅವರು ಕರೆಸಿ ಗದರಿಸಿದರೆ ಒಂದೆರಡು ತಿಂಗಳು ದುಡ್ಡು ಬರುತ್ತದೆ, ಆಮೇಲೆ ನಿಲ್ಲುತ್ತದೆ.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಗಂಡನುಳ್ಳವಳಿಗೆ ಕಷ್ಟ ಬಂದರೆ ಬಾಗಿಲು ತಟ್ಟಲು ಎರಡು ಮನೆ, ತವರು ಮತ್ತು ಅತ್ತೆಮನೆ. ಇವಳಿಗೆ ಅತ್ತೆಮನೆ ಇಲ್ಲ. ತವರು ಇದೆ, ಆದರೆ ಮದುವೆಯಿಲ್ಲದೆ ಮಕ್ಕಳ ಜೊತೆ ವಾಪಸ್ ಬಂದವಳಿಗೆ ಅಣ್ಣತಮ್ಮಂದಿರು ಜಮೀನು ಬಿಡುವುದು ಅಪರೂಪ. ಮಗಳಿಗೂ ಸಮಪಾಲು ಅಂತ ಕಾನೂನು ಹೇಳುತ್ತದೆ. ಹಳ್ಳಿಯ ಬೇಲಿ ಹೇಳುವುದು ಬೇರೆ. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜೂಜಾ ರಸ್ತೆಯ ಆ ಕಡೆ

ಬೆಳಿಗ್ಗೆ ಐದೂವರೆಗೆ ಏಳುತ್ತಾಳೆ. ರಾತ್ರಿ ಬಕೆಟ್ಟಿನಲ್ಲಿ ಹೋದದ್ದನ್ನು ಮೊದಲು ಚೆಲ್ಲಬೇಕು. ಪಾಯಿಖಾನೆ ಸಾಲಿನ ತುದಿಯಲ್ಲಿದೆ, ಹೋದಾಗೆಲ್ಲ ಕಾಸು ಕೊಡಬೇಕು. ರಾತ್ರಿ ಅಷ್ಟು ದೂರ ಹೆಂಗಸರು ಹೋಗುವುದಿಲ್ಲ, ಹೆದರಿಕೆ. ಆಮೇಲೆ ನೀರು. 20 ಲೀಟರಿನ ಹಳದಿ ಕ್ಯಾನು ಹಿಡಿದು ನಲ್ಲಿಯ ಮುಂದೆ ಸಾಲು. ನೀರಿಗೂ ಕಾಸು. ನಲ್ಲಿ ಮನೆಯೊಳಗೇ ಇರುವ ಶ್ರೀಮಂತರ ಬಡಾವಣೆಗಿಂತ ಇಲ್ಲಿ ಲೀಟರಿಗೆ ಜಾಸ್ತಿ ಬೀಳುತ್ತದೆ. ಬಡತನಕ್ಕೆ ದಂಡ ಅಂದರೆ ಇದೇ.

ಆರೂವರೆಗೆ ಕಿರಿಯವನನ್ನು ಮಗು ನೋಡಿಕೊಳ್ಳುವ ಹೆಂಗಸಿನ ಹತ್ತಿರ ಬಿಡುತ್ತಾಳೆ. ಅದೂ ಹತ್ತಡಿ ಕೋಣೆಯೇ. ಹತ್ತು ಹದಿನೈದು ಕೂಸುಗಳು, ನೋಡುವವಳು ಒಬ್ಬಳು. ನೆಲಕ್ಕೆ ಪ್ಲಾಸ್ಟಿಕ್ ಹಾಸು. ಗಂಜಿ ತಾಯಿಯೇ ಕಟ್ಟಿಕೊಡಬೇಕು. ಎಲ್ಲ ಕೂಸುಗಳೂ ಮಧ್ಯಾಹ್ನ ಒಂದೇ ಹೊತ್ತಿಗೆ ಮಲಗಿರುವುದನ್ನು ನೋಡಿದರೆ ಹೊರಗಿನವರಿಗೆ ಶಿಸ್ತು ಅನ್ನಿಸಬಹುದು. ತಾಯಂದಿರಿಗೆ ಅಲ್ಲೊಂದು ಅಳುಕು, ನಿದ್ದೆ ಬರಿಸುವುದೇನಾದರೂ ಕುಡಿಸಿದ್ದಾಳೋ ಅಂತ. ಆದರೂ ಬಿಡುತ್ತಾರೆ. ಬಿಡದೆ ಎಲ್ಲಿಗೆ?

ಮಥಾರೆಗೂ ಈಸ್ಟ್‌ಲೀಗೂ ನಡುವೆ ಜೂಜಾ ರಸ್ತೆ. ದಾಟಿದರೆ ಬೇರೆ ಲೋಕ. ಸೋಮಾಲಿ ವ್ಯಾಪಾರಿಗಳ ಎಂಟು ಹತ್ತು ಮಹಡಿಯ ಅಪಾರ್ಟ್‌ಮೆಂಟುಗಳು, ಬಟ್ಟೆಯ ಮಾಲುಗಳು. ಮಾಮಾ ಫುವಾಗಳು ಬೆಳಿಗ್ಗೆಯೇ ಬಂದು ರಸ್ತೆ ಬದಿ, ಗೇಟಿನ ಪಕ್ಕ ಸಾಲಾಗಿ ಕೂರುತ್ತಾರೆ. ಕೆಲಸ ಕೊಡುವವರು ಬಂದು ಕಣ್ಣಲ್ಲೇ ಆರಿಸಿ ಕರೆಯುತ್ತಾರೆ. ಸೊಂಟಕ್ಕೆ ಮಗು ಕಟ್ಟಿಕೊಂಡವಳನ್ನು ಕರೆಯುವುದು ಕಡಿಮೆ. ಅದಕ್ಕೇ ಮಗು ಬಿಡುವ ಕಾಸು ಖರ್ಚಲ್ಲ, ಬಂಡವಾಳ.

ಒಗೆಯುವುದೂ ಒಂದು ವಿದ್ಯೆ. ಮೂರು ಬೇಸಿನ್ ಬೇಕು. ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಜಾಲಿಸಲು. ಬಿಳಿ ಬಟ್ಟೆಗೆ ಜಿಕ್ ಅನ್ನುವ ಬ್ಲೀಚ್. ಎರಡು ಮುಷ್ಟಿ ಸೇರಿಸಿ, ಹೆಬ್ಬೆರಳಿನ ಬುಡದ ಮಾಂಸದ ಮೇಲೆ ಬಟ್ಟೆ ಉಜ್ಜುತ್ತಾರೆ. ಬ್ಲೀಚು ತಿಂದು ಆ ಜಾಗದ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ. ಸಂಜೆ ಅದೇ ಕೈಯಲ್ಲಿ ಟೊಮೆಟೊ ಹೆಚ್ಚಬೇಕು. ಚುರ್ ಅನ್ನುತ್ತದೆ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ನೀರು ನಿಂತ ದಿನ ಕೆಳಗಿನಿಂದ ಐದನೇ ಮಹಡಿಗೆ ನೀರು ಹೊರುವುದೂ ಒಗೆಯುವವಳ ಪಾಲಿಗೇ. ಕೂಲಿ ಮಾತಾಡಿದ ಮೇಲೆ ಕಂಬಳಿ ಒಂದು, ಕಾರ್ಪೆಟ್ಟು ಒಂದು ಸುಮ್ನೆ ಸೇರಿಕೊಳ್ಳುತ್ತವೆ.

ನೈರೋಬಿಯಲ್ಲಿ ಮನೆಗೆಲಸದವರಿಗೆ ತಿಂಗಳಿಗೆ ಸುಮಾರು 15,200 ಶಿಲ್ಲಿಂಗ್ ಕನಿಷ್ಠ ಸಂಬಳ ಅಂತ 2022ರ ಮೇ ತಿಂಗಳಲ್ಲಿ ಸರ್ಕಾರ ಗೊತ್ತು ಮಾಡಿತ್ತು. ರಸ್ತೆ ಬದಿಯಿಂದ ಕರೆಸಿಕೊಂಡವಳಿಗೆ ಅದು ಯಾರೋ ದೂರದ ನೆಂಟರ ಸಂಬಳ. ನಮ್ಮ ತಾಯಿಗೆ ತಿಂಗಳಲ್ಲಿ 18 ದಿನ ಕೆಲಸ ಸಿಕ್ಕಿತು, ದಿನಕ್ಕೆ 450 ಬಂತು ಅಂತ ಹಿಡಿಯೋಣ. ಒಟ್ಟು 8,100. ಬಾಡಿಗೆ 2,500, ನೀರು 600, ಪಾಯಿಖಾನೆ 300, ಕೂಸನ್ನು ನೋಡಿಕೊಳ್ಳಲು 900, ವಾರಕ್ಕೆ ನೂರರಂತೆ ಚಾಮಾಗೆ, ಅಂದರೆ ಹೆಂಗಸರ ಚೀಟಿಗೆ, 400. ಉಳಿದದ್ದು 3,400. ದಿನಕ್ಕೆ 113 ಶಿಲ್ಲಿಂಗಿನಲ್ಲಿ ನಾಲ್ಕು ಹೊಟ್ಟೆ, ಒಲೆ, ಶಾಲೆ, ಔಷಧಿ ಎಲ್ಲ. ಆಗ ಒಂದು ಶಿಲ್ಲಿಂಗ್ ಅಂದರೆ ನಮ್ಮ 60, 65 ಪೈಸೆ.

ಚಿಕ್ಕದರ ಲೆಕ್ಕ

ಈ 113ನ್ನು ತಿಂಗಳ ಸಾಮಾನಿಗೆ ಅಂತ ಕೂಡಿಸಲು ಆಗುವುದಿಲ್ಲ. ಅದಕ್ಕೇ ಅಲ್ಲಿ ಕಡೋಗೊ ಅನ್ನುವ ವ್ಯಾಪಾರ. ಕಡೋಗೊ ಅಂದರೆ ಪುಟ್ಟದು. ಎಣ್ಣೆಯನ್ನು ಲೀಟರಲ್ಲಿ ಕೊಳ್ಳುವುದಿಲ್ಲ, ಹತ್ತು ಇಪ್ಪತ್ತು ಶಿಲ್ಲಿಂಗಿಗೆ ಅಳೆಸಿಕೊಳ್ಳುತ್ತಾರೆ. ಸಕ್ಕರೆ, ಚಹಾಪುಡಿ, ಬಟ್ಟೆ ಸೋಪು ಎಲ್ಲದಕ್ಕೂ ಅಷ್ಟೇ. ಕೂಡಿಸಿ ನೋಡಿದರೆ ದುಬಾರಿ. ಓದಿದವರು ಇದನ್ನು ತಪ್ಪು ಲೆಕ್ಕ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಲೀಟರ್ ಎಣ್ಣೆ ಮನೆಯಲ್ಲಿದ್ದರೆ ಪಕ್ಕದವಳು ಕೇಳುತ್ತಾಳೆ, ಇಲ್ಲ ಅನ್ನೋಕಾಗಲ್ಲ. ಕಾಸು ಕೈಯಲ್ಲಿದ್ದರೆ ನಾಳೆ ಜ್ವರ ಬಂದಾಗ ಔಷಧಿಗೆ ಆಗುತ್ತದೆ. ಸಾಮಾನು ಕೊಂಡರೆ ಅದು ಸಾಮಾನೇ.

ಅಂಗಡಿಯವನ ಹತ್ತಿರ ಬರೆಸುವ ಪುಸ್ತಕ ಇದೆ. ಅಂಗಡಿಗೆ ಅಲ್ಲಿ ದೂಕಾ ಅನ್ನುತ್ತಾರೆ, ಅರಬ್ಬಿಯಿಂದ ಬಂದ ಮಾತು, ನಮ್ಮ ದುಕಾನಿನ ನೆಂಟ. ಉದ್ರಿ ಕೊಡುವವನು ಗಂಡ ಇದ್ದಾನಾ ಅಂತ ಕೇಳುವುದಿಲ್ಲ. ಆದರೆ ಒಂಟಿಯವಳಿಗೆ ಮಿತಿ ಕಡಿಮೆ ಇಡುತ್ತಾನೆ, ಮತ್ತು ಕೆಲವು ಅಂಗಡಿಗಳಲ್ಲಿ ಕೊಡುವುದಕ್ಕೆ ದುಡ್ಡಲ್ಲದ ಬೇರೆ ಬೆಲೆಯೂ ಕೇಳಲಾಗುತ್ತದೆ. ಬಾಡಿಗೆ ವಸೂಲಿಗೆ ಬರುವವನದೂ ಅದೇ ಕಥೆ. ಐದನೇ ತಾರೀಕು ದಾಟಿದರೆ ಬಾಗಿಲಿಗೆ ಇನ್ನೊಂದು ಬೀಗ ಬೀಳುತ್ತದೆ, ಒಳಗೆ ಮಕ್ಕಳ ಪುಸ್ತಕ, ಪಾತ್ರೆ ಎಲ್ಲ.

ಇನ್ನು ಫೋನು. 2007ರ ಮಾರ್ಚ್‌ನಲ್ಲಿ ಶುರುವಾದ ಎಂ-ಪೆಸಾ, ಅಂದರೆ ಫೋನಿನಿಂದಲೇ ದುಡ್ಡು ಕಳಿಸುವ ವ್ಯವಸ್ಥೆ, ಕೀನ್ಯಾದ ಬಡವರ ಬ್ಯಾಂಕು. ಅದರಿಂದ ಏನಾಯಿತು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ 2016ರಲ್ಲಿ ಲೆಕ್ಕ ಕೊಟ್ಟರು. ಸುಮಾರು 1,94,000 ಮನೆಗಳು ಬಡತನದಿಂದ ಮೇಲೆ ಬಂದಿದ್ದವು. ಹೆಂಗಸರು ನಡೆಸುವ ಮನೆಗಳಲ್ಲಿ ಅನುಕೂಲ ಇನ್ನೂ ಜಾಸ್ತಿ ಕಂಡಿತ್ತು. ಕಾರಣ ಸರಳ. ದೂರದಲ್ಲಿರುವ ತಮ್ಮ, ಅಕ್ಕ, ಗೆಳತಿ ಇನ್ನೂರು ಮುನ್ನೂರು ಶಿಲ್ಲಿಂಗನ್ನು ಅರೆಗಳಿಗೆಯಲ್ಲಿ ಕಳಿಸಬಹುದು. ಈ 'ದೂರದಲ್ಲಿರುವ' ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಅದೇ ಫೋನು 2019ರಿಂದ ಸಾಲವನ್ನೂ ಕೊಡುತ್ತಿದೆ. ಖಾತೆಯಲ್ಲಿ ದುಡ್ಡು ಸಾಲದಿದ್ದರೆ ಫುಲಿಜಾ ಅನ್ನುವ ಸೇವೆ ಕೊರತೆ ತುಂಬುತ್ತದೆ. ದಿನದ ಲೆಕ್ಕದಲ್ಲಿ ಶುಲ್ಕ. ಮುಂದೆ ಯಾರಾದರೂ ದುಡ್ಡು ಕಳಿಸಿದ ಕೂಡಲೇ ಅದು ಮೊದಲು ತನ್ನ ಪಾಲು ಕಿತ್ತುಕೊಳ್ಳುತ್ತದೆ. ಸಾಲ ಕೇಳಲು ಯಾರ ಮುಖವನ್ನೂ ನೋಡಬೇಕಾಗಿಲ್ಲ ಅನ್ನುವುದು ಅದರ ಸುಖ. ಸಾಲ ಕೊಟ್ಟವನಿಗೂ ನಿನ್ನ ಮುಖ ಕಾಣುವುದಿಲ್ಲ ಅನ್ನುವುದು ಕಷ್ಟ.

ಚಾಮಾ ಬೇರೆ ಥರ. ನಮ್ಮ ಚೀಟಿಯೇ, ಆದರೆ ಹರಾಜು ಇಲ್ಲ. ಹನ್ನೆರಡು ಹೆಂಗಸರು, ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬಳ ಮನೆ ಮುಂದೆ ಸೇರುತ್ತಾರೆ. ಎಲ್ಲರೂ ನೂರು ನೂರು ಹಾಕಿದರೆ 1,200, ಸರದಿ ಬಂದವಳಿಗೆ ಪೂರ್ತಿ. ತಡವಾಗಿ ಬಂದರೆ ದಂಡ. ನೋಟ್‌ಬುಕ್ಕಿನಲ್ಲಿ ಬರೆಯುವುದು ನಮ್ಮ ತಾಯಿಯ ಹಿರಿಮಗಳು, ಯಾಕೆಂದರೆ ಅಕ್ಷರ ದುಂಡಗಿದೆ. ಸರದಿ ಬಂದಾಗ ಆ ದುಡ್ಡನ್ನು ಅನ್ನಕ್ಕೆ ಖರ್ಚು ಮಾಡುವ ಹಾಗಿಲ್ಲ ಅಂತ ಇವರ ಗುಂಪಿನ ಕಟ್ಟಳೆ. ಶಾಲೆ ಫೀಸು, ದೊಡ್ಡ ಪಾತ್ರೆ, ಹಾಸಿಗೆ, ಯಾವುದಾದರೂ ಕಣ್ಣಿಗೆ ಕಾಣಬೇಕು. ಯಾರಿಗಾದರೂ ಜ್ವರ ಬಂದು ಮಲಗಿದರೆ ಸರದಿ ಅದಲುಬದಲು ಮಾಡಿಕೊಳ್ಳುತ್ತಾರೆ.

ಮಗಳ ವಿಷಯಕ್ಕೆ ಬಂದೆ, ಹೇಳಿಯೇ ಬಿಡುತ್ತೇನೆ. ಈ ಮನೆಯ ಎಲ್ಲ ಉಪಾಯಗಳ ಬೆಲೆ ಕೊನೆಗೆ ಬೀಳುವುದು ಅವಳ ಮೇಲೆ. ಕೂಸಿಗೆ ಜ್ವರ ಬಂದರೆ ಶಾಲೆ ಬಿಡುವವಳು ಅವಳು. ನೀರು ತರುವವಳು, ತಮ್ಮನಿಗೆ ಉಣಿಸುವವಳು ಅವಳು. ಹೊಸ ಪಠ್ಯಕ್ರಮದಲ್ಲಿ ಮನೆಯಿಂದ ಮಾಡಿ ತರುವ ಕೆಲಸ ಜಾಸ್ತಿ, ಬಣ್ಣದ ಕಾಗದ, ಪ್ರಿಂಟ್, ಅಪ್ಪ ಅಮ್ಮನ ಸಹಾಯ ಅಂತ. ಒಗೆದು ಬಂದ ಅಮ್ಮ ರಾತ್ರಿ ಒಂಬತ್ತಕ್ಕೆ ಯಾವ ಬಣ್ಣದ ಕಾಗದ ಕತ್ತರಿಸುತ್ತಾಳೆ? 'ಎಷ್ಟು ಗಟ್ಟಿ ಹೆಂಗಸರಪ್ಪ' ಅಂತ ಹೊಗಳುವ ವರದಿಗಳನ್ನು ಓದುವಾಗ ನನಗೆ ಈ ಹುಡುಗಿಯೇ ಕಣ್ಣ ಮುಂದೆ ಬರುತ್ತಾಳೆ.

ಮಗನ ವಿಷಯದಲ್ಲಿ ಮಾತ್ರ ಸರ್ಕಾರದ ಒಂದು ಕೆಲಸ ನೇರವಾಗಿ ಈ ಮನೆಗೆ ಮುಟ್ಟಿದೆ. 2003ರಿಂದ ಪ್ರಾಥಮಿಕ ಶಾಲೆಗೆ ಫೀಸಿಲ್ಲ. 2023ರಲ್ಲಿ ನೈರೋಬಿಯ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಮಗುವಿನ ಮಣಿಕಟ್ಟಿನಲ್ಲಿ ಒಂದು ಚಿಪ್ಪಿನ ಪಟ್ಟಿ. ತಾಯಿ ಫೋನಿನಿಂದ ಊಟಕ್ಕೆ 5 ಶಿಲ್ಲಿಂಗ್ ಹಾಕುತ್ತಾಳೆ. ಹುಡುಗ ಕೈ ಮುಟ್ಟಿಸಿದರೆ ತಟ್ಟೆ ಸಿಗುತ್ತದೆ. 113ರಲ್ಲಿ 5 ತೆಗೆದರೆ ಒಂದು ಹೊಟ್ಟೆಯ ಮಧ್ಯಾಹ್ನ ಮುಗಿಯಿತು. ಇಂಥ ಲೆಕ್ಕ ಈ ಮನೆಯಲ್ಲಿ ಬೇರೆಲ್ಲೂ ಕೂಡಿಬರುವುದಿಲ್ಲ.

ಎಲ್ಲರೂ ಒಟ್ಟಿಗೆ ಬಿದ್ದಾಗ

ಈ ತನಕ ಹೇಳಿದ್ದೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಕಷ್ಟ ಸರದಿಯಲ್ಲಿ ಬರುತ್ತದೆ, ಚಾಮಾದ ಹಾಗೆ. ಈ ವಾರ ನಿನಗೆ, ಮುಂದಿನ ವಾರ ನನಗೆ. ಬಿದ್ದವಳನ್ನು ಎತ್ತಲು ನಿಂತವಳೊಬ್ಬಳು ಇರಬೇಕು.

ಇದು ಮೊದಲ ಸಲ ಮುರಿದದ್ದು 2020ರಲ್ಲಿ. ಕೋವಿಡ್ ಅಂತ ಮೇ 6ರಂದು ಸರ್ಕಾರ ಈಸ್ಟ್‌ಲೀಯನ್ನೇ ಮುಚ್ಚಿತು. ಒಳಗಿನವರು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಜೂನ್ ಮೊದಲ ವಾರದ ತನಕ ಹಾಗೇ. ಜೂಜಾ ರಸ್ತೆ ಒಂದು ತಿಂಗಳು ಗೋಡೆಯಾಯಿತು. ಚಾಮಾದ ಬಹುಪಾಲು ಹೆಂಗಸರು ಒಗೆಯುವವರೇ. ಒಬ್ಬಳ ಕೆಲಸ ಹೋದ ದಿನವೇ ಹತ್ತು ಜನರ ಕೆಲಸ ಹೋಯಿತು. ಭಾನುವಾರದ ಸಭೆ ತಾನಾಗೇ ನಿಂತಿತು.

ಎರಡನೇ ಸಲ ನೀರು. 2024ರ ಏಪ್ರಿಲ್ 23ರ ರಾತ್ರಿ ಸುರಿದ ಮಳೆಗೆ ಮಥಾರೆ ನದಿ ಉಕ್ಕಿತು. ಬೆಳಗಾಗುವಾಗ ಜನ ತಗಡಿನ ಸೂರಿನ ಮೇಲೆ ಹತ್ತಿ ಕೂತಿದ್ದರು. ಕೆಳಗೆ ಕಂದು ನೀರಿನಲ್ಲಿ ಹಾಸಿಗೆ, ಗ್ಯಾಸ್ ಸಿಲಿಂಡರು, ಕ್ಯಾನು ತೇಲುತ್ತಿದ್ದವು. ಆ ಮಳೆಗಾಲದಲ್ಲಿ ಕೀನ್ಯಾದಲ್ಲಿ ಸತ್ತವರ ಸಂಖ್ಯೆ ಮುನ್ನೂರರ ಹತ್ತಿರ ಹೋಯಿತು.

ನಮ್ಮ ತಾಯಿಯ ಮನೆಯೊಳಗೆ ನೀರು ಮಂಚದ ಎತ್ತರಕ್ಕೆ ಬಂತು. ಮಕ್ಕಳು ಉಳಿದರು. ಹೋದದ್ದು ಉಗಾಲಿ ಪಾತ್ರೆ, ಹಾಸಿಗೆ, ಶಾಲೆಯ ಸಮವಸ್ತ್ರ, ಮೂರು ಬೇಸಿನ್ನಿನಲ್ಲಿ ಎರಡು, ಆ ಗೀಟು ಹಾಕಿದ ಜನನ ಪತ್ರ, ಚಾಮಾದ ನೋಟ್‌ಬುಕ್ಕು. ಪಕ್ಕದವಳದೂ ಹೋಯಿತು. ಉದ್ರಿ ಕೊಡುತ್ತಿದ್ದ ಅಂಗಡಿಯೂ ಹೋಯಿತು, ಪುಸ್ತಕದ ಸಮೇತ. ಸಾಲ ಮನ್ನಾ ಆಯಿತಲ್ಲ ಅಂತ ಯಾರೋ ತಮಾಷೆ ಮಾಡಿದರಂತೆ. ಆದರೆ ನಾಳೆ ಕೊಡುವವರಾರು? ಮಗು ನೋಡಿಕೊಳ್ಳುವವಳ ಕೋಣೆಯೂ ನದಿಯ ದಂಡೆಯಲ್ಲೇ ಇತ್ತು.

ಆಮೇಲೆ ಶಾಲೆ. ರಜೆ ಮುಗಿದು ಏಪ್ರಿಲ್ 29ಕ್ಕೆ ತೆರೆಯಬೇಕಿತ್ತು. ಒಂದು ವಾರ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಗಿ ಮೇ 13ಕ್ಕೆ ತೆರೆಯಿತು. ಮಳೆಯಲ್ಲಿ ಮಕ್ಕಳನ್ನು ಕಳಿಸಬಾರದು ಅನ್ನುವುದು ಸರಿಯೇ. ಆದರೆ ಶಾಲೆ ಮುಚ್ಚಿದರೆ 5 ಶಿಲ್ಲಿಂಗಿನ ಊಟವೂ ಮುಚ್ಚುತ್ತದೆ. ಇಂಥ ಮನೆಗೆ ಶಾಲೆ ಅಂದರೆ ಪಾಠ ಮಾತ್ರ ಅಲ್ಲ. ಅದು ಒಂದು ಊಟ, ಎಂಟು ಗಂಟೆ ಹೊತ್ತು ಒಬ್ಬರು ಮಗುವನ್ನು ನೋಡಿಕೊಳ್ಳುವ ಜಾಗ. ತಾರೀಕು ಮುಂದೂಡುವವರ ಮೇಜಿನ ಮೇಲೆ ಈ ಲೆಕ್ಕ ಇರುವುದಿಲ್ಲ.

ಅದರ ಮೇಲೆ ಬುಲ್ಡೋಜರ್. ನದಿಯಿಂದ ಮೂವತ್ತು ಮೀಟರ್ ಒಳಗಿರುವವರು ಜಾಗ ಬಿಡಬೇಕು ಅಂತ ಸರ್ಕಾರ ಹೇಳಿತು. ಮೇ ತಿಂಗಳಲ್ಲಿ ಮಥಾರೆಯಲ್ಲಿ, ಮುಕುರು ಅನ್ನುವ ಇನ್ನೊಂದು ಕೊಳೆಗೇರಿಯಲ್ಲಿ ಮನೆಗಳನ್ನು ಉರುಳಿಸಿದರು. ಮನೆ ಕಳೆದುಕೊಂಡ ಕುಟುಂಬಕ್ಕೆ 10,000 ಶಿಲ್ಲಿಂಗ್ ಕೊಡುವುದಾಗಿ ಅಧ್ಯಕ್ಷ ರೂಟೊ ಹೇಳಿದರು. ಸಿಗಲಿಲ್ಲ ಅಂತ ದೂರಿದವರೂ ಇದ್ದರು. ನದಿ ದಂಡೆಯಲ್ಲಿ ಮನೆ ಕಟ್ಟಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕಟ್ಟಿದವಳು ಇವಳಲ್ಲ. ಕಟ್ಟಿದವನು ಬೇರೆಲ್ಲೋ ಇದ್ದಾನೆ, ಬಾಡಿಗೆ ಎಣಿಸಿಕೊಂಡು. ಬಾಡಿಗೆದಾರಳ ಹತ್ತಿರ ಕಾಗದ ಯಾವುದು? ತಿಂಗಳು ತಿಂಗಳು ಕೊಟ್ಟ ದುಡ್ಡಿಗೆ ರಸೀದಿಯೂ ಇಲ್ಲ.

ಆ ವಾರ ಆಕೆಯ ಮನೆಗೆ ದುಡ್ಡು ಬಂದದ್ದು ಎರಡೇ ಕಡೆಯಿಂದ. ಒಂದು, ಎಲ್ಡೋರೆಟ್‌ನಲ್ಲಿ ಗಾರೆ ಕೆಲಸ ಮಾಡುವ ತಮ್ಮ 800 ಶಿಲ್ಲಿಂಗ್ ಕಳಿಸಿದ. ಫುಲಿಜಾ ಅದರಲ್ಲಿ 300ರ ಮೇಲೆ ಕಿತ್ತುಕೊಂಡಿತು. ಎರಡು, ಈಸ್ಟ್‌ಲೀಯಲ್ಲಿ ಆಕೆ ತಿಂಗಳಿಗೆರಡು ಸಲ ಒಗೆಯುವ ಮನೆಯ ಅಜ್ಜಿ ಹಳೆ ಹಾಸಿಗೆ ಕೊಟ್ಟಳು, ಎರಡು ದಿನದ ಕೂಲಿ ಮುಂಗಡ ಕೊಟ್ಟಳು. ಇಬ್ಬರೂ ಮಥಾರೆಯ ಹಳ್ಳದಿಂದ ಹೊರಗಿರುವವರು. ಇಷ್ಟು ವರ್ಷ ಕಟ್ಟಿಕೊಂಡ ಚಾಮಾ, ಅಂಗಡಿ, ಪಕ್ಕದ ಮನೆ ಯಾವುದೂ ಅವತ್ತು ಆಗಿಬರಲಿಲ್ಲ. ಅವರ ಮನಸ್ಸು ಕೆಟ್ಟಿತ್ತು ಅಂತಲ್ಲ, ಅವರೂ ಸೂರಿನ ಮೇಲೇ ಕೂತಿದ್ದರು. ಮಥಾರೆ ಸೋಷಿಯಲ್ ಜಸ್ಟಿಸ್ ಸೆಂಟರ್‌ನಂಥ ಸ್ಥಳೀಯ ಗುಂಪಿನವರು ಊರ ಹೊರಗಿನಿಂದ ದುಡ್ಡು, ಬಟ್ಟೆ ಕೂಡಿಸಿದ್ದೂ ಇದೇ ಕಾರಣಕ್ಕೆ.

ಒಂಟಿ ತಾಯಂದಿರ ಸಹಾಯಕ್ಕೆ ಅಂತ ಬರುವ ಯೋಜನೆಗಳಲ್ಲಿ ನನಗೆ ಕಾಣುವ ಕೊರತೆ ಇಲ್ಲೇ. ಬಹಳಷ್ಟು ಯೋಜನೆಗಳು ಗುಂಪು ಕಟ್ಟಿ, ಉಳಿತಾಯ ಮಾಡಿ, ಒಬ್ಬರಿಗೊಬ್ಬರು ಆಗಿ ಅನ್ನುತ್ತವೆ. ಅದನ್ನು ಅವರು ಐವತ್ತು ವರ್ಷದಿಂದ ಮಾಡುತ್ತಿದ್ದಾರೆ. ಹೊರಗಿನಿಂದ ಬರಬೇಕಾದದ್ದು ಬೇರೆ. ಅದು ಬಂದಾಗಲೂ ಆಕಾರ ಹೊಂದುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಹಳೆ ಆರೋಗ್ಯ ವಿಮೆ ಹೋಗಿ ಹೊಸದು ಬಂತು. ತಿಂಗಳಿಗೆ ಕನಿಷ್ಠ 300 ಶಿಲ್ಲಿಂಗ್. ಕೇಳಲು ಹಗುರ. ಆದರೆ ಸಂಬಳದ ಕೆಲಸ ಇಲ್ಲದವರು ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು ಅಂತ ಮಾಡಿದರು. ಅಂದರೆ 3,600. ಎಣ್ಣೆಯನ್ನೇ ಇಪ್ಪತ್ತು ಶಿಲ್ಲಿಂಗಿಗೆ ಅಳೆಸಿಕೊಳ್ಳುವವಳಿಗೆ ವರ್ಷದ ವಿಮೆಯನ್ನು ಡಬ್ಬದ ಲೆಕ್ಕದಲ್ಲಿ ಮಾರಿದ ಹಾಗೆ.

ಮತ್ತೆ ಭಾನುವಾರ

ಜುಲೈನಲ್ಲಿ ಚಾಮಾ ಮತ್ತೆ ಕೂಡಿತು. ಈಗ ವಾರಕ್ಕೆ ನೂರಲ್ಲ, 30. ಹನ್ನೆರಡರಲ್ಲಿ ಇಬ್ಬರು ಹಳ್ಳಿಗೆ ಹೋಗಿಬಿಟ್ಟಿದ್ದರು. ನಮ್ಮ ತಾಯಿ ನದಿಯಿಂದ ಮೇಲೆ, 3,000 ಬಾಡಿಗೆಯ ಕೋಣೆಗೆ ಬಂದಿದ್ದಳು. ಮಗನನ್ನು ಶೋಶೋ ಹತ್ತಿರ, ಅಂದರೆ ಅಜ್ಜಿ ಹತ್ತಿರ, ಹಳ್ಳಿಗೆ ಕಳಿಸಿಬಿಡಲೇ ಅಂತ ಎರಡು ತಿಂಗಳು ಯೋಚಿಸಿ ಕೊನೆಗೆ ಇಟ್ಟುಕೊಂಡಳು. ಊಟದ ಪಟ್ಟಿ ಅವನ ಕೈಯಲ್ಲೇ ಇತ್ತು, ಅದು ನೀರಲ್ಲಿ ಹೋಗಿರಲಿಲ್ಲ.

ಮೊದಲ ಸಭೆ ಪೂರ್ತಿ ಜಗಳ. ನೋಟ್‌ಬುಕ್ಕು ಇಲ್ಲ. ಏಪ್ರಿಲ್‌ನಲ್ಲಿ ಯಾರ ಸರದಿ ಬಾಕಿ ಇತ್ತು, ಯಾರು ಎಷ್ಟು ಹಾಕಿದ್ದರು? ಫೋನಿನಿಂದ ಕಳಿಸಿದವರ ಹತ್ತಿರ ಮೆಸೇಜು ಇತ್ತು. ಕೈಯಿಂದ ಕೊಟ್ಟವರ ಹತ್ತಿರ ನೆನಪು ಮಾತ್ರ. ಹುಡುಗಿ ಹೊಸ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮೆಸೇಜುಗಳನ್ನು ಒಂದೊಂದಾಗಿ ಓದಿ ತಾರೀಕು ಬರೆದಳು. ಮೆಸೇಜಿಲ್ಲದವರ ಹೆಸರಿನ ಮುಂದೆ ಅವರು ಹೇಳಿದ್ದನ್ನೇ ಬರೆದಳು, ಪೆನ್ಸಿಲಿನಲ್ಲಿ.

ಆಮೇಲೆ ಕಯೋಲೆಗೆ ಮನೆ ಬದಲಾಯಿಸಿದವಳ ಮಾತು ಬಂತು. ಅಷ್ಟು ದೂರದಿಂದ ಭಾನುವಾರ ಬರಲು ಆಗುವುದಿಲ್ಲ, ಮಟಾಟು ಬಸ್ಸಿನ ಖರ್ಚೇ ಮೂವತ್ತಕ್ಕಿಂತ ಜಾಸ್ತಿ. ಹೆಸರು ಹೊಡೆದುಹಾಕೋಣ ಅಂದಳು ಒಬ್ಬಳು. ಬೇಡ, ಇರಲಿ, ಅವಳು ಫೋನಿನಲ್ಲೇ ಹಾಕಲಿ ಅಂದಳು ನಮ್ಮ ತಾಯಿ. 'ಅವಳ ಮನೆ ಹತ್ತಿರ ನದಿ ಇಲ್ಲ' ಅಂದಳು. ಹುಡುಗಿ ಆ ಹೆಸರನ್ನು ಪೆನ್ನಿನಲ್ಲಿ ಬರೆದಳು.